ಬಿಚ್ಚಿದ ಗಂಟಿನ ಲೆಕ್ಕ ಯಾರು ಇಡಬೇಕು?

ಚೆನ್ನೈನ ಅಣ್ಣಾ ನಗರದ ಒಂದು ಕನ್ನಡ ಮನೆಯಲ್ಲಿ ಬಾಸ್ ಲಿನಕ್ಸ್ ಇರುವ ಲ್ಯಾಪ್‌ಟಾಪ್ ಇದೆ ಎಂದಿಟ್ಟುಕೊಳ್ಳಿ. ಬಾಸ್ ಅದೇ ಊರಿನ ಸಿ-ಡ್ಯಾಕ್ ಕೇಂದ್ರ ಡೆಬಿಯನ್ ತಳಹದಿಯ ಮೇಲೆ ಕಟ್ಟಿದ ವ್ಯವಸ್ಥೆ. ಮನೆಯವರಿಗೆ ಮೆನುಗಳೆಲ್ಲ ಕನ್ನಡದಲ್ಲಿರುವ ಹೊಸ ಫೈರ್‌ಫಾಕ್ಸ್ ಬೇಕು, ಆದರೆ ತಂತ್ರಾಂಶಗಳನ್ನು ಸ್ಥಾಪಿಸುವ ಪ್ಯಾಕೇಜ್ ಮ್ಯಾನೇಜರ್ ಬಳಿ ಇರುವುದು ಹಳೆಯದು. ಮೊಜಿಲ್ಲಾ ಸಂಸ್ಥೆ ಹೊಸ ಆವೃತ್ತಿಯನ್ನು ಕುಗ್ಗಿಸಿದ ಟಾರ್ ಕಡತವಾಗಿ, ಅಂದರೆ ಹಲವು ಕಡತಗಳ ಒಂದೇ ಗಂಟಾಗಿ, ನೇರವಾಗಿಯೇ ಕೊಡುತ್ತದೆ. ಬಿಚ್ಚಿದರೆ ಒಂದು ಫೋಲ್ಡರ್ ಸಿಗುತ್ತದೆ, ಒಳಗಿನ ಫೈರ್‌ಫಾಕ್ಸ್ ಕಡತವನ್ನು ಓಡಿಸಿದರೆ ಬ್ರೌಸರ್ ತೆರೆದುಕೊಳ್ಳುತ್ತದೆ. ಇಷ್ಟು ಸಲೀಸಾಗಿದ್ದ ಮೇಲೆ ಪ್ಯಾಕೇಜ್ ಮ್ಯಾನೇಜರ್ ಏಕೆ ಬೇಕು ಎಂದು ಯಾರಿಗಾದರೂ ಅನ್ನಿಸೀತು. ಆದರೆ ಕಡತಗಳನ್ನು ಡಿಸ್ಕಿಗೆ ಇಳಿಸುವುದು ಅದರ ಕೆಲಸದ ಸಣ್ಣ ಪಾಲು. ಯಾವುದು ಎಲ್ಲಿ ಇಳಿಯಿತು, ಅದು ಯಾರನ್ನು ನಂಬಿಕೊಂಡಿದೆ, ನಾಳೆ ಅದನ್ನು ತೆಗೆಯುವುದು ಹೇಗೆ ಎಂಬ ಲೆಕ್ಕ ಇಡುವುದೇ ದೊಡ್ಡ ಪಾಲು. ಕೈಯಾರೆ ಬಿಚ್ಚುವುದು ತಪ್ಪಲ್ಲ; ಆದರೆ ಹಾಗೆ ಬಿಚ್ಚಿದವರ ಮೇಲೆ ಆ ಲೆಕ್ಕವೂ ಬೀಳುತ್ತದೆ.

ಟಾರ್ ಕಡತದ ರಚನೆಯಲ್ಲೇ ಇದಕ್ಕೆ ಪುರಾವೆ ಇದೆ. 1979ರ ಯುನಿಕ್ಸ್ ಏಳನೇ ಆವೃತ್ತಿಯೊಂದಿಗೆ ಬಂದ ಈ ವಿಧಾನ ಮ್ಯಾಗ್ನೆಟಿಕ್ ಟೇಪಿಗಾಗಿ ಹುಟ್ಟಿದ್ದು. ಪ್ರತಿ ಕಡತದ ಮುಂದೆ 512 ಬೈಟುಗಳ ತಲೆಪಟ್ಟಿ; ಅದರಲ್ಲಿ ಹೆಸರು, ಗಾತ್ರ, ಮಾಲೀಕ, ಅನುಮತಿ, ಸಮಯ. ಅದರ ಹಿಂದೆಯೇ ಕಡತದ ಒಡಲು, ಆಮೇಲೆ ಮುಂದಿನ ತಲೆಪಟ್ಟಿ. ಇಡೀ ಗಂಟಿಗೆ ಒಂದು ಪರಿವಿಡಿ ಎಂಬುದಿಲ್ಲ. ಜಿಪ್ ಕಡತದಲ್ಲಿ ಕೊನೆಗೊಂದು ಪಟ್ಟಿಯಾದರೂ ಇರುತ್ತದೆ. ಟಾರ್ ತಾನಾಗಿ ಏನನ್ನೂ ಕುಗ್ಗಿಸುವುದಿಲ್ಲ. ಆ ಕೆಲಸ ಜೀನ್-ಲೂ ಗೇಯಿ ಮತ್ತು ಮಾರ್ಕ್ ಆಡ್ಲರ್ 1992ರಲ್ಲಿ ಹೊರತಂದ ಜಿಜಿಪ್‌ನಂಥವುಗಳದ್ದು. ಇನ್ನು ಡೆಬಿಯನ್ನಿನ ಡೆಬ್ ಪ್ಯಾಕೇಜನ್ನು ಬಿಚ್ಚಿ ನೋಡಿ: ಒಳಗಿರುವುದೂ ಎರಡು ಟಾರ್ ಕಡತಗಳೇ! ಒಂದರಲ್ಲಿ ತಂತ್ರಾಂಶ, ಇನ್ನೊಂದರಲ್ಲಿ ಅದರ ಆವೃತ್ತಿ, ಅದಕ್ಕೆ ಬೇಕಾದ ಬೇರೆ ಪ್ಯಾಕೇಜುಗಳ ಹೆಸರು, ಸ್ಥಾಪನೆಯ ಮುಂಚೆ ಮತ್ತು ಆಮೇಲೆ ನಡೆಯಬೇಕಾದ ಕೆಲಸಗಳು. ಪ್ಯಾಕೇಜ್ ಮ್ಯಾನೇಜರಿನ ಜಾಣ್ಮೆಯೆಲ್ಲ ಈ ಎರಡನೆಯ ಗಂಟಿನಲ್ಲಿದೆ. ಇಳಿಸಿದ ಪ್ರತಿ ಕಡತದ ಹೆಸರನ್ನೂ ಡೆಬ್ ಪ್ಯಾಕೇಜುಗಳನ್ನು ನಿರ್ವಹಿಸುವ ಡಿಪಿಕೆಜಿ ಬರೆದಿಟ್ಟುಕೊಳ್ಳುವುದರಿಂದಲೇ, ತೆಗೆಯಿರಿ ಎಂದಾಗ ಆ ಪಟ್ಟಿ ಹಿಡಿದು ತೆಗೆಯಬಲ್ಲದು.

ಬರೀ ಟಾರ್ ಬಿಚ್ಚುವವರು ಈ ಎರಡನೆಯ ಗಂಟಿನ ಕೆಲಸವನ್ನು ತಾವೇ ಮಾಡಬೇಕು. ಮೊದಲು ಒಳಗಿನ ಹೆಸರುಗಳನ್ನು ಪಟ್ಟಿ ಮಾಡಿಸಿ ನೋಡಬೇಕು. ಕೆಲವು ಕಡತಗಳಿಗೆ ಹೊರ ಫೋಲ್ಡರೇ ಇರದೆ, ಬಿಚ್ಚಿದಲ್ಲೆಲ್ಲ ನೂರಾರು ಕಡತಗಳು ಚೆಲ್ಲಿಹೋಗುತ್ತವೆ. ಒಂದು ತಂತ್ರಾಂಶಕ್ಕೆ ಒಂದೇ ಫೋಲ್ಡರ್ ಇಟ್ಟರೆ, ಆ ಫೋಲ್ಡರೇ ಲೆಕ್ಕ. ಬಳಕೆದಾರರ ಸ್ವಂತ ಹೋಮ್ ಫೋಲ್ಡರಿನಲ್ಲಿ ಬಿಚ್ಚಿದ ಫೈರ್‌ಫಾಕ್ಸ್ ತನ್ನನ್ನು ತಾನೇ ನವೀಕರಿಸಿಕೊಳ್ಳುತ್ತದೆ. ರೂಟ್ ಎಂಬ ಮೇಲ್ವಿಚಾರಕ ಖಾತೆಯ ಒಡೆತನದ ಜಾಗದಲ್ಲಿಟ್ಟರೆ ಸಾಮಾನ್ಯ ಬಳಕೆದಾರರಿಗೆ ಬರೆಯುವ ಅನುಮತಿ ಇರದೆ ಅದು ಅಲ್ಲೇ ಹಳತಾಗುತ್ತದೆ. ಮೂಲಸಂಕೇತವನ್ನು ಕಂಪೈಲ್ ಮಾಡಿ ಸ್ಥಾಪಿಸುವಾಗ ಕಷ್ಟ ಹೆಚ್ಚು. ಕಡತಗಳು ನಾಲ್ಕಾರು ಫೋಲ್ಡರುಗಳಿಗೆ ಹಂಚಿಹೋಗುತ್ತವೆ, ಹಿಂದೆಗೆಯುವ ದಾರಿಯನ್ನು ಲೇಖಕರು ಬರೆದಿರಲೇಬೇಕೆಂದಿಲ್ಲ.

ಸುರಕ್ಷತೆಯ ಮಾತೇನು ಎಂಬ ಆಕ್ಷೇಪ ನ್ಯಾಯವಾದದ್ದೇ. 2024ರ ಮಾರ್ಚಿನಲ್ಲಿ ಆಂಡ್ರೆಸ್ ಫ್ರಾಯ್ನ್ಡ್ ಎಂಬ ಎಂಜಿನಿಯರ್, ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿರುವುದರ ಜಾಡು ಹಿಡಿದು ಎಕ್ಸ್‌ಜ಼ೆಡ್ ಎಂಬ ಕುಗ್ಗಿಸುವ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಅಡಗಿಸಿದ್ದ ಕಳ್ಳಬಾಗಿಲನ್ನು ಪತ್ತೆಮಾಡಿದರು. ಅದನ್ನು ಚಾಲೂ ಮಾಡುವ ತುಣುಕು ಸಾರ್ವಜನಿಕ ಗಿಟ್ ಭಂಡಾರದಲ್ಲಿ ಇರಲಿಲ್ಲ, ಬಿಡುಗಡೆಯ ಟಾರ್ ಕಡತದಲ್ಲಿ ಮಾತ್ರ ಇತ್ತು. ಕುಗ್ಗಿಸಿದ ಕಡತವನ್ನು ಕಣ್ಣುಮುಚ್ಚಿ ನಂಬಬಾರದು ಎನ್ನುವುದಕ್ಕೆ ಇದಕ್ಕಿಂತ ಗಟ್ಟಿ ಉದಾಹರಣೆ ಬೇಡ. ಆದರೆ ಅದೇ ವಿಷ ಡೆಬಿಯನ್ನಿನ ಪರೀಕ್ಷಾ ಶಾಖೆಗಳಿಗೆ ಪ್ಯಾಕೇಜಾಗಿಯೇ ತಲುಪಿತ್ತು ಎಂಬುದನ್ನೂ ಮರೆಯಬಾರದು. ಪ್ಯಾಕೇಜ್ ಮ್ಯಾನೇಜರ್ ಅದನ್ನು ತಡೆಯಲಿಲ್ಲ. ಸುದ್ದಿ ಹೊರಬಿದ್ದ ಮೇಲೆ ಒಂದು ನವೀಕರಣದಿಂದ ಎಲ್ಲರಲ್ಲೂ ಹಳೆಯ ಸಂಕೇತವನ್ನು ಮರಳಿ ಕೂರಿಸಿತು. ತಾನೇ ನವೀಕರಿಸಿಕೊಳ್ಳದ ತಂತ್ರಾಂಶವನ್ನು ಕೈಯಾರೆ ಬಿಚ್ಚಿದವರಿಗೆ ಅಂಥ ಕರೆ ಬರುವುದಿಲ್ಲ. ಸಹಿ ಮತ್ತು ಚೆಕ್‌ಸಮ್ ತಾಳೆ ನೋಡಿದರೆ ಕಡತ ದಾರಿಯಲ್ಲಿ ಬದಲಾಗಿಲ್ಲ ಎಂದಷ್ಟೇ ತಿಳಿಯುತ್ತದೆ. ಮೂಲದಲ್ಲೇ ಮೋಸವಿದ್ದರೆ ಅದೂ ಸಾಲದು.

ಹಾಗಾದರೆ ಜನಸಾಮಾನ್ಯರು ಪ್ಯಾಕೇಜ್ ಬರುವವರೆಗೆ ಕಾಯಲಿ ಎನ್ನುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ. ಕಡಿಮೆ ಬಳಕೆದಾರರಿರುವ ಭಾಷೆಗಳ ಕೆಲಸ ಪ್ಯಾಕೇಜ್ ಭಂಡಾರಗಳನ್ನು ತಡವಾಗಿ ತಲುಪುತ್ತದೆ, ಕೆಲವೊಮ್ಮೆ ತಲುಪುವುದೇ ಇಲ್ಲ. ಹೊಸದೊಂದು ಕನ್ನಡ ಫಾಂಟ್ ಜಿಪ್ ಕಡತವಾಗಿ ಬಂದರೆ, ಅದನ್ನು ಹೋಮ್‌ನೊಳಗಿನ ಫಾಂಟ್ಸ್ ಫೋಲ್ಡರಿನಲ್ಲಿ ಬಿಚ್ಚಿ ಫಾಂಟ್ ಪಟ್ಟಿಯನ್ನು ಹೊಸದಾಗಿ ಕಟ್ಟಿಸಿದರೆ ಸಾಕು. ರೂಟ್ ಪಾಸ್‌ವರ್ಡ್ ಬೇಡ, ಇಂಟರ್ನೆಟ್ ಇಲ್ಲದಿದ್ದರೆ ಪೆನ್‌ಡ್ರೈವ್ ಆದೀತು, ಬೇಡವಾದ ದಿನ ಆ ಕಡತವನ್ನು ಅಳಿಸಿದರಾಯಿತು.