ಡಾರ್ಸೆಟ್ಟಿನ ಆರು ಮಂದಿ ಕೂಲಿಗಳು

ಕರಿನೀರಿನ ಶಿಕ್ಷೆಯೆಂದೊಡನೆ ನಮ್ಮ ಜನರಿಗೆ ಅಂಡಮಾನಿನ ನೆನಪಾಗುವುದು ಸಹಜವೇ. ಆದರೆ 1858ರಲ್ಲಿ ಆ ದ್ವೀಪದಲ್ಲಿ ಕೈದಿಗಳ ವಸಾಹತನ್ನು ತೆರೆಯುವುದಕ್ಕೆ ಬಹು ಪೂರ್ವದಲ್ಲಿಯೇ ಆಂಗ್ಲ ಸರ್ಕಾರವು ಈ ವಿದ್ಯೆಯನ್ನು ತನ್ನ ಸ್ವಂತ ಬಡಪ್ರಜೆಗಳ ಮೇಲೆಯೇ ಅಭ್ಯಾಸ ಮಾಡಿಕೊಂಡಿತ್ತು. 1787ರಿಂದ 1868ರ ವರೆಗೆ ಸುಮಾರು 1,62,000 ಮಂದಿ ಆಸ್ಟ್ರೇಲಿಯಕ್ಕೆ ಸಾಗಿಸಲ್ಪಟ್ಟರು. ಅವರಲ್ಲೊಬ್ಬನಾದ ಜಾರ್ಜ್ ಲವ್‌ಲೆಸ್ ಎಂಬಾತನ ಚರಿತ್ರೆಯನ್ನು ವಾಚಕರ ಮುಂದಿಡಬಯಸುತ್ತೇವೆ.

ಈತನು ಡಾರ್ಸೆಟ್ ಪ್ರಾಂತದ ಟಾಲ್‌ಪಡಲ್ ಎಂಬ ಹಳ್ಳಿಯ ಹೊಲದಾಳು. ಮೆಥಡಿಸ್ಟ್ ಪಂಥದ ಉಪದೇಶಕನೂ ಅಹುದು. ವಾರಕ್ಕೆ 9 ಷಿಲಿಂಗುಗಳಿದ್ದ ಕೂಲಿಯನ್ನು ಒಡೆಯರು 8ಕ್ಕೂ, ಆಮೇಲೆ 7ಕ್ಕೂ ಇಳಿಸಿ, ಇನ್ನು 6 ಮಾತ್ರವೇ ಎಂದರು. ಹೆಂಡತಿ ಮಕ್ಕಳ ಹೊಟ್ಟೆಗೇನು ಗತಿ? 1833ರಲ್ಲಿ ಕೂಲಿಗಳು ಕೂಡಿ ಸಂಘವೊಂದನ್ನು ಕಟ್ಟಿದರು. ಸಂಘ ಕಟ್ಟುವುದು ಆಗ ಅಪರಾಧವಾಗಿರಲಿಲ್ಲ; 1824ರಲ್ಲಿಯೇ ಆ ನಿಷೇಧವು ರದ್ದಾಗಿತ್ತು. ಹಾಗಾದರೆ ಹಿಡಿಯುವುದೆಂತು? ನಾವಿಕರ ದಂಗೆಯ ಕಾಲದಲ್ಲಿ, 1797ರಲ್ಲಿ, ಗುಪ್ತಪ್ರಮಾಣಗಳ ವಿರುದ್ಧ ಮಾಡಿದ್ದ ಕಾನೂನೊಂದನ್ನು ಹುಡುಕಿ ತೆಗೆದರು. ಸಂಘಕ್ಕೆ ಸೇರುವಾಗ ಇವರು ಕಣ್ಣು ಕಟ್ಟಿಕೊಂಡು ಪ್ರಮಾಣ ಮಾಡಿದ್ದರಷ್ಟೆ!

1834ರ ಫೆಬ್ರವರಿ 24ರಂದು ಆರು ಮಂದಿ ಸೆರೆಯಾದರು. ಇವರನ್ನು ಹಿಡಿಸಿದ ಜಮೀನ್ದಾರ ಮ್ಯಾಜಿಸ್ಟ್ರೇಟ್ ಫ್ರಾಂಪ್ಟನ್ನನೇ ಗ್ರ್ಯಾಂಡ್ ಜೂರಿಯಲ್ಲಿಯೂ ಕುಳಿತಿದ್ದನೆಂದ ಮೇಲೆ ನ್ಯಾಯದ ಮಾತೇಕೆ! ತಾವು ಯಾರ ಮಾನಕ್ಕಾಗಲಿ ಸೊತ್ತಿಗಾಗಲಿ ಕೇಡೆಣಿಸಲಿಲ್ಲವೆಂದು ಲವ್‌ಲೆಸ್ಸನು ಬರೆದು ಕೊಟ್ಟನು. ಏಳೇಳು ವರ್ಷಗಳ ದ್ವೀಪಾಂತರವಾಸವಾಯಿತು. ಇತ್ತ ಅವರ ಹೆಂಡಿರು ಗ್ರಾಮದ ಬಡವರ ನಿಧಿಯಿಂದ ನೆರವು ಬೇಡಿದಾಗ, ಸಂಘಕ್ಕೆ ಕೊಡಲು ಹಣವಿದ್ದವರಿಗೆ ನೆರವೇಕೆಂದು ಇಲ್ಲವೆನ್ನಲಾಯಿತು. ಶಿಕ್ಷೆಗಿಂತಲೂ ಈ ಉತ್ತರವೇ ನಮಗೆ ಕ್ರೂರವಾಗಿ ತೋರುತ್ತದೆ.

ಐವರು ಸಿಡ್ನಿಗೆ ಹೋದರು. ಕಾಯಿಲೆ ಬಿದ್ದಿದ್ದ ಲವ್‌ಲೆಸ್ಸನು ಹಿಂದುಳಿದು, ಬೇರೊಂದು ಹಡಗಿನಲ್ಲಿ ವ್ಯಾನ್ ಡೀಮನ್ಸ್ ಲ್ಯಾಂಡಿಗೆ, ಎಂದರೆ ಇಂದಿನ ಟಾಸ್ಮೇನಿಯಕ್ಕೆ, ಒಯ್ಯಲ್ಪಟ್ಟನು. ಮೊದಲು ಹೋಬಾರ್ಟಿನ ರಸ್ತೆಗಳಲ್ಲಿ ಸಂಕಲೆಯವರ ಗುಂಪಿನೊಡನೆ ದುಡಿತ. ಅನಂತರ ಸರ್ಕಾರದ ಹೊಲದಲ್ಲಿ ದನ ಕುರಿಗಳ ಕಾವಲು.

ಇಂಗ್ಲೆಂಡಿನ ಕಾರ್ಮಿಕರು ಸುಮ್ಮನಿರಲಿಲ್ಲವೆಂಬುದನ್ನು ಹೇಳಲೇಬೇಕು. ಆ ಜನಾಂಗದಲ್ಲಿ ಪ್ರಭುಗಳು ಬೇರೆ, ಪ್ರಜೆಗಳು ಬೇರೆ. 1834ರ ಏಪ್ರಿಲ್ 21ರಂದು ಲಂಡನ್ನಿನಲ್ಲಿ ಭಾರಿ ಮೆರವಣಿಗೆ ಹೊರಟಿತು. ಎರಡು ಲಕ್ಷಕ್ಕೂ ಮಿಕ್ಕ ರುಜುಗಳಿದ್ದ ಬಿನ್ನವತ್ತಳೆಯನ್ನು ಗೃಹಮಂತ್ರಿ ಮೆಲ್ಬರ್ನ್ ಪ್ರಭುವು ಅಂದು ಸ್ವೀಕರಿಸಲೊಲ್ಲದೆ ಹೋದನು. ಜನರು ಬಿಡಲಿಲ್ಲ, 1836ರ ಮಾರ್ಚಿಯಲ್ಲಿ ಪೂರ್ಣ ಕ್ಷಮೆಯು ಹೊರಟಿತು. ಆದರೂ ಲವ್‌ಲೆಸ್ಸನು ಕೂಡಲೇ ಹಡಗನ್ನೇರಲಿಲ್ಲ. ಅಲ್ಲಿಗೇ ಬಾರೆಂದು ಹೆಂಡತಿಗೆ ಕಾಗದ ಬರೆದಿದ್ದನು. ತಾನು ಇತ್ತ ಬರುವಾಗ ಅವಳು ಅತ್ತ ಹೊರಟಿದ್ದರೆ? ಉತ್ತರ ಬರುವ ತನಕ ಕಾದು, 1837ರ ಜೂನಿನಲ್ಲಿ ಲಂಡನ್ನು ಸೇರಿದನು. ಅದೇ ವರ್ಷ ತನ್ನ ಪಾಡನ್ನು ಪುಸ್ತಕವಾಗಿ ಪ್ರಕಟಿಸಿದನು.

1844ರಲ್ಲಿ ಅವನು ಕೆನಡಕ್ಕೆ ವಲಸೆ ಹೋಗಿ, 1874ರಲ್ಲಿ ಅಲ್ಲಿಯೇ ತೀರಿಕೊಂಡನು. ಸಂಗಡಿಗರಲ್ಲಿ ನಾಲ್ವರು ಅದೇ ದೇಶವನ್ನು ಸೇರಿದರು. ಟಾಲ್‌ಪಡಲ್ಲಿನಲ್ಲಿ ನೆಲೆ ನಿಂತವನು ಜೇಮ್ಸ್ ಹ್ಯಾಮೆಟ್ ಒಬ್ಬನೇ. ಆತನು ಮುಪ್ಪಿನಲ್ಲಿ ಕಣ್ಣು ಕಳೆದುಕೊಂಡು, 1891ರಲ್ಲಿ ಡಾರ್ಚೆಸ್ಟರಿನ ಅನಾಥಾಲಯದಲ್ಲಿ ಪ್ರಾಣ ಬಿಟ್ಟನು.