ಬಸ್ಸಿನ ಮರೆಯಿಂದ ಬರುವ ಮಗು

ಮೇ ಕೊನೆಗೆ ರಾಜ್ಯದ ಶಾಲೆಗಳ ಬೀಗ ತೆಗೆಯುವುದಕ್ಕೂ ರೋಹಿಣಿ ಮಳೆ ಹನಿಯುವುದಕ್ಕೂ ಸರಿಹೋಗುತ್ತದೆ. ಒಂದೂವರೆ ತಿಂಗಳು ಖಾಲಿ ಹೊಡೆಯುತ್ತಿದ್ದ ಶಾಲೆಯ ರಸ್ತೆಗೆ ಹಳದಿ ಬಸ್ಸು, ವ್ಯಾನು, ಆಟೋ, ಅಪ್ಪ ಅಮ್ಮಂದಿರ ಸ್ಕೂಟರು ಎಲ್ಲವೂ ಒಂದೇ ಬೆಳಿಗ್ಗೆ ನುಗ್ಗುತ್ತವೆ. ಬೇಸಿಗೆಯಲ್ಲಿ ಅದೇ ರಸ್ತೆಯಲ್ಲಿ ಐವತ್ತರ ವೇಗಕ್ಕೆ ಒಗ್ಗಿದ ಬಲಗಾಲಿಗೆ ಮಾತ್ರ ರಜೆ ಇನ್ನೂ ಮುಗಿದಿರುವುದಿಲ್ಲ.

ಗಂಟೆಗೆ 50 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಕಣ್ಣಿಗೆ ಕಂಡದ್ದು ಕಾಲಿಗೆ ಮುಟ್ಟಲು ಹೆಚ್ಚುಕಡಿಮೆ ಒಂದು ಸೆಕೆಂಡ್ ಬೇಕು. ಬ್ರೇಕ್ ಒತ್ತುವ ಮೊದಲೇ ಅಷ್ಟು ದೂರ ಸಂದುಹೋಗಿರುತ್ತದೆ. ಅದೇ ವಾಹನ 30ರಲ್ಲಿದ್ದರೆ, ಒಣ ರಸ್ತೆಯಲ್ಲಿ, ಆ 14 ಮೀಟರಿನೊಳಗೇ ಪೂರ್ತಿ ನಿಂತುಬಿಡಬಲ್ಲದು. ಮೊದಲ ಮಳೆಗೆ ಈ ಲೆಕ್ಕವೂ ಕೆಡುತ್ತದೆ: ಬೇಸಿಗೆಯಿಡೀ ಡಾಂಬರಿನ ಮೇಲೆ ಕೂತ ಧೂಳು, ಎಂಜಿನ್ ಎಣ್ಣೆ ನೀರಿನಲ್ಲಿ ಕಲಸಿಕೊಂಡು ರಸ್ತೆ ಲೋಳೆಯಾಗುತ್ತದೆ.

ಮಗು ನೋಡಿಕೊಂಡು ದಾಟಬಾರದೇ ಎಂದು ಗೊಣಗುವವರಿದ್ದಾರೆ. ಮಗು ನೋಡಿರುತ್ತದೆ, ನೋಡಿದ್ದನ್ನು ಅಳೆಯಲು ಅದಕ್ಕೆ ಬರುವುದಿಲ್ಲ. ಇಂಗ್ಲೆಂಡಿನ ರಾಯಲ್ ಹಾಲೋವೇ ಕಾಲೇಜಿನ ಸಂಶೋಧಕರು 2011ರಲ್ಲಿ ತೋರಿಸಿದ ಸಂಗತಿ ಇದು: ಗಂಟೆಗೆ ಸುಮಾರು 32 ಕಿ.ಮೀ. ಮೀರಿದ ವೇಗದಲ್ಲಿ ಎದುರಿಗೆ ಬರುವ ವಾಹನವನ್ನು ಪ್ರಾಥಮಿಕ ಶಾಲೆಯ ವಯಸ್ಸಿನ ಮಕ್ಕಳ ಕಣ್ಣು ನೆಚ್ಚುವಷ್ಟು ಸರಿಯಾಗಿ ಗುರುತಿಸಲಾರದು. ಕಾರು ದೂರದಲ್ಲೇ ನಿಂತಂತೆ ಅವರಿಗೆ ತೋರಬಹುದು. ಅದರ ಮೇಲೆ ಮುಖ ಮುಚ್ಚುವ ಕೊಡೆ, ಕಿವಿ ಮುಚ್ಚುವ ರೇನ್‌ಕೋಟಿನ ಟೊಪ್ಪಿಗೆ.

ಹಾಗಾಗಿ ಶಾಲೆಯ ಹತ್ತಿರ ಚಾಲಕ ಹುಡುಕಬೇಕಾದದ್ದು ಮಗುವನ್ನಲ್ಲ, ಮಗುವನ್ನು ಮರೆಮಾಡುವ ವಸ್ತುವನ್ನು. ನಿಂತ ಬಸ್ಸು ಅಂಥ ಮರೆಗಳಲ್ಲಿ ಮೊದಲನೆಯದು. ಇಳಿದ ಹುಡುಗರು ಬಸ್ಸು ಹೊರಡುವವರೆಗೆ ಕಾಯದೆ ಅದರ ಮೂತಿಯ ಮುಂದಿನಿಂದಲೇ ಓಡುತ್ತಾರೆ. ಅಮೆರಿಕದಲ್ಲಾದರೆ ಶಾಲಾ ಬಸ್ಸಿನ ಪಕ್ಕದಿಂದ ಕೆಂಪು ಸ್ಟಾಪ್ ಫಲಕ ಹೊರಚಾಚಿದಾಗ ಹಿಂದಿನ ವಾಹನಗಳು ನಿಲ್ಲಲೇಬೇಕು. ನಮ್ಮಲ್ಲಿ ಬಸ್ಸು ನಿಂತಿತೆಂದರೆ ಓವರ್‌ಟೇಕಿಗೆ ಸಿಕ್ಕ ಅವಕಾಶ! ಇನ್ನೊಂದು ಮರೆ, ಗೇಟಿನೆದುರು ಅಡ್ಡಾದಿಡ್ಡಿ ನಿಲ್ಲಿಸಿದ ಕಾರುಗಳ ಸಾಲು. ತಮ್ಮ ಮಗುವನ್ನು ಜೋಪಾನವಾಗಿ ಬಿಡಲು ಬಂದವರೇ ಪಕ್ಕದ ಮನೆಯ ಮಗುವಿಗೆ ಅಪಾಯ ತಂದಿಡುವುದು ಹೀಗೆ. ನುರಿತ ಡ್ರೈವರುಗಳು ಇಂಥಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದು ಬ್ರೇಕಿನ ಮೇಲಿಟ್ಟುಕೊಂಡು, ನಿಂತ ವಾಹನಗಳ ಅಡಿಯಲ್ಲಿ ಪುಟ್ಟ ಶೂಗಳು ಕಾಣುತ್ತವೆಯೇ ಎಂದು ನೋಡುತ್ತಾರೆ.

ಹಾರ್ನ್ ನೆಚ್ಚುವಂತಿಲ್ಲ. 2000ದ ಶಬ್ದ ಮಾಲಿನ್ಯ ನಿಯಮಗಳಲ್ಲಿ ಶಾಲೆಯ ಸುತ್ತಲ 100 ಮೀಟರನ್ನು ನಿಶ್ಶಬ್ದ ವಲಯವಾಗಿಸಲು ಅವಕಾಶವಿದೆ. ಅದಿರಲಿ, ಹಾರ್ನಿಗೆ ಬೆಚ್ಚಿದ ಮಗು ನಡುರಸ್ತೆಯಲ್ಲಿ ನಿಂತುಬಿಡುತ್ತದೆ, ಇಲ್ಲವೇ ಬಂದ ದಾರಿಗೇ ತಿರುಗಿ ಓಡುತ್ತದೆ.

ಶಾಲಾ ಬಸ್ಸುಗಳಿಗೆ ಸುಪ್ರೀಂ ಕೋರ್ಟ್ 1997ರಲ್ಲೇ ಗಂಟೆಗೆ 40 ಕಿ.ಮೀ. ಮಿತಿ, ಕಿಟಕಿಗೆ ಅಡ್ಡ ಸರಳು, ಅನುಭವಿ ಚಾಲಕ ಎಂದೆಲ್ಲ ಹೇಳಿದೆ. ಸ್ಕೂಟರಿನ ಮುಂದೆ ಕನ್ನಡಿ ಹಿಡಿದು ನಿಲ್ಲುವ ಪುಟ್ಟ ಕಂದನಿಗೂ ನಿಯಮವಿದೆ: ನಾಲ್ಕು ವರ್ಷದೊಳಗಿನ ಮಗುವನ್ನು ಚಾಲಕನಿಗೆ ಬಿಗಿಯುವ ಬೆಲ್ಟು, ಹೆಲ್ಮೆಟ್, 40ರ ಮಿತಿ 2023ರ ಫೆಬ್ರವರಿಯಿಂದ ಕಡ್ಡಾಯ. ಪಿಯುಸಿಗೆ ಸೇರಿದ ಖುಷಿಗೆ ಅಪ್ರಾಪ್ತ ಮಗನ ಕೈಗೆ ಗಾಡಿ ಕೀಲಿ ಕೊಟ್ಟ ಅಪ್ಪನಿಗೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಮಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ.

ಬೆಳಿಗ್ಗೆಗಿಂತ ಸಂಜೆ ಕಷ್ಟ. ಬೆಳಿಗ್ಗೆ ದೊಡ್ಡವರ ಕೈ ಹಿಡಿದು ಬಂದ ಮಕ್ಕಳು ಗಂಟೆ ಹೊಡೆದೊಡನೆ ಗುಂಪುಗುಂಪಾಗಿ ಹೊರಬೀಳುತ್ತಾರೆ. ಒಂದು ಮಗು ದಾಟಿತೆಂದು ಕ್ಲಚ್ ಬಿಡುವ ಹಾಗಿಲ್ಲ. ಹಿಂದೆಯೇ, ಬಿದ್ದ ಟಿಫಿನ್ ಡಬ್ಬಿ ಎತ್ತಿಕೊಂಡು, ಅದರ ತಮ್ಮ ಓಡಿ ಬರುತ್ತಿರುತ್ತಾನೆ.