ಕಣ್ಣೆಣಿಸುವ ಕೈಗಳು

ಕನಮಡಿಯ ಹೊರವಲಯ, ಮಾರ್ಚ್ ತಿಂಗಳ ಬೆಳಗು. ಗರಸು ನೆಲದ ದಿಬ್ಬದ ಮೇಲೆ ಒಣದ್ರಾಕ್ಷಿ ಶೆಡ್‌ಗಳು ಗಾಳಿಗೆ ಅಡ್ಡಲಾಗಿ ಸಾಲುಗಟ್ಟಿ ನಿಂತಿವೆ. ಯಾವುದಕ್ಕೂ ಗೋಡೆಯಿಲ್ಲ. ಕಬ್ಬಿಣದ ಕಂಬ, ಮೇಲೆ ತಗಡು, ನಡುವೆ ಒಂದರ ಮೇಲೊಂದು ಹತ್ತಾರು ಅಂತಸ್ತು ಜಾಳಿಗೆ, ಬದಿಗೆ ಇಳಿಬಿಟ್ಟ ಹಸಿರು ನೆರಳುಬಲೆ. ತೋಟದಿಂದ ಟ್ರ್ಯಾಕ್ಟರಿನಲ್ಲಿ ಬಂದ ಕ್ರೇಟುಗಳು ಟಾಕಿಯ ಬಳಿ ಇಳಿಯುತ್ತವೆ. ಟಾಕಿಯಲ್ಲಿರುವುದು ಹಾಲುಬಣ್ಣದ ನೀರು. ಕ್ರೇಟನ್ನು ಅದರಲ್ಲಿ ಪೂರ್ತಿ ಮುಳುಗಿಸುತ್ತಾರೆ. ಗಡಿಯಾರದ ಕಡೆ ಯಾರೂ ನೋಡುವುದಿಲ್ಲ. ಮಣಿಯ ಬಣ್ಣ ಒಂದಿಷ್ಟು ಮಿರುಗಿದಂತೆ ಕಂಡೊಡನೆ ಟಾಕಿಯ ಪಕ್ಕ ನಿಂತವನು “ಸಾಕು, ಎತ್ರಿ” ಅನ್ನುತ್ತಾನೆ. ಹೆಚ್ಚೆಂದರೆ ಮೂರು ನಾಲ್ಕು ನಿಮಿಷದ ಕೆಲಸ. ನೀರು ಸೋರಿದ ಮೇಲೆ ಹೆಂಗಸರು ಗೊಂಚಲುಗಳನ್ನು ಜಾಳಿಗೆಯ ಮೇಲೆ ಹರಡುತ್ತಾರೆ. ಒಂದಕ್ಕೊಂದು ಮೆತ್ತಿಕೊಳ್ಳಬಾರದು, ಜಾಗವೂ ವ್ಯರ್ಥವಾಗಬಾರದು. ಮಾತಿನ ನಡುವೆಯೂ ಅವರ ಬೆರಳು ತಪ್ಪುವುದಿಲ್ಲ.

ಟಾಕಿಯ ನೀರಿನ ಲೆಕ್ಕ ಮಾತ್ರ ಖಚಿತ. ನೂರು ಲೀಟರಿಗೆ ಸುಮಾರು ಎರಡೂವರೆ ಕಿಲೋ ಪೊಟ್ಯಾಸಿಯಂ ಕಾರ್ಬೋನೇಟ್, ಒಂದೂವರೆ ಲೀಟರ್ ಈಥೈಲ್ ಓಲಿಯೇಟ್. ಎರಡನೆಯದನ್ನು ಇಲ್ಲಿ ಎಲ್ಲರೂ ಕರೆಯುವುದು ಡಿಪ್ಪಿಂಗ್ ಆಯಿಲ್ ಎಂದೇ. ದ್ರಾಕ್ಷಿಯ ಸಿಪ್ಪೆಯ ಮೇಲೆ ಮೇಣದ ತೆಳುಪದರವಿರುತ್ತದೆ. ಹಣ್ಣಿನೊಳಗಿನ ನೀರನ್ನು ತಡೆದಿಡುವುದು ಅದೇ. ಈ ದ್ರಾವಣ ಆ ಪದರವನ್ನು ಸಡಿಲಿಸುತ್ತದೆ, ನೀರಿಗೆ ಹೊರಹೋಗಲು ದಾರಿಯಾಗುತ್ತದೆ. ಇಲ್ಲವಾದರೆ ತಿಂಗಳು ಹಿಡಿಯುವ ಒಣಗುವಿಕೆ ಎರಡು ವಾರದ ಆಸುಪಾಸಿಗೆ ಮುಗಿಯುತ್ತದೆ. ಬಿಸಿಲಿಗೆ ಇಟ್ಟರೆ ಕಂದು, ನೆರಳಿಗೆ ಇಟ್ಟರೆ ಹಸಿರು. ಪೇಟೆಯಲ್ಲಿ ಹೆಚ್ಚಿನ ಬೆಲೆ ಹಸಿರಿಗೆ. ನಾಲ್ಕು ಕಿಲೋ ಹಣ್ಣು ಸುಮಾರು ಒಂದು ಕಿಲೋಗೆ ಇಳಿಯುತ್ತದೆ. ಮೆಡಿಟರೇನಿಯನ್ ಕರಾವಳಿಯವರು ಬೂದಿನೀರಿಗೆ ಆಲಿವ್ ಎಣ್ಣೆ ಬೆರೆಸಿ ಇದೇ ಕೆಲಸ ಮಾಡುತ್ತಿದ್ದರು. ಆಸ್ಟ್ರೇಲಿಯಾದವರು ಅದನ್ನು ಅಳತೆಗೆ ಇಳಿಸಿದರು. ಆ ಅಳತೆ ಮಹಾರಾಷ್ಟ್ರದ ತಾಸಗಾಂವ, ಸಾಂಗ್ಲಿಗಳನ್ನು ಹಾಯ್ದು ಇಲ್ಲಿಗೆ ಬಂತು.

ಕನಮಡಿ ಇರುವುದು ವಿಜಯಪುರ ಜಿಲ್ಲೆಯ ತಿಕೋಟಾ ತಾಲ್ಲೂಕಿನ ಅಂಚಿನಲ್ಲಿ. ಆಚೆಗೆ ಮಹಾರಾಷ್ಟ್ರದ ಜತ್ತ ತಾಲ್ಲೂಕು. ಊರದೇವರು ಧರಿದೇವರು. ಜಾತ್ರೆಗೆ ಎರಡೂ ಕಡೆಯ ಭಕ್ತರು ಬರುತ್ತಾರೆ. ಮದುವೆ ಸಂಬಂಧವೂ ಎರಡೂ ಕಡೆ, ಮಾತೂ ಎರಡೂ ಕಡೆಯದು. ತೋಟದಲ್ಲಿ ನಿಂತು ಕಿವಿಗೊಟ್ಟರೆ ಕನ್ನಡದ ವಾಕ್ಯದೊಳಗೆ ಚಾಟ್ನಿ (ಬಳ್ಳಿ ಸವರುವುದು), ಕಾಡಿ (ಬಳ್ಳಿಯ ಕಡ್ಡಿ), ಬೇದಾಣೆ (ಒಣದ್ರಾಕ್ಷಿ) ಎಂಬ ಮಾತುಗಳು ಹೊರಗಿನವೆನಿಸದೆ ಓಡಾಡುತ್ತವೆ.

ಇದು ಮಳೆಯ ನೆರಳಿನ ಸೀಮೆ. ವರ್ಷಕ್ಕೆ ಆರುನೂರು ಮಿಲಿಮೀಟರ್ ಸುರಿದರೆ ಅದೇ ಒಳ್ಳೆಯ ವರ್ಷ. 1876ರಿಂದ 78ರವರೆಗಿನ ಬರ ಈ ಭಾಗದಲ್ಲಿ ಊರೂರನ್ನೇ ಖಾಲಿ ಮಾಡಿತು. 1930ರ ದಶಕದಲ್ಲಿ ದೇಶದ ಒಣಬೇಸಾಯದ ಸಂಶೋಧನೆಗೆ ಕೇಂದ್ರಗಳನ್ನು ಆರಿಸುವಾಗ ಸೊಲ್ಲಾಪುರ, ರಾಯಚೂರು, ಹಗರಿ, ರೋಹ್ತಕ್ ಜೊತೆಗೆ ವಿಜಾಪುರದ (ಈಗಿನ ವಿಜಯಪುರ) ಹೆಸರೂ ಸೇರಿತು. ಬರಗಾಲ ತಂದುಕೊಟ್ಟ ಗೌರವವದು. ಅಲ್ಲಿಂದ ದ್ರಾಕ್ಷಿಯವರೆಗೆ ಬಂದ ದಾರಿ ಸಲೀಸಲ್ಲ. ಕೊಳವೆಬಾವಿ ಬತ್ತಿದ ವರ್ಷಗಳಲ್ಲಿ ಟ್ಯಾಂಕರ್ ನೀರು ಕೊಂಡು ಬಳ್ಳಿ ಉಳಿಸಿಕೊಂಡವರು ಈ ತಾಲ್ಲೂಕಿನ ತುಂಬ ಇದ್ದಾರೆ. ಈಚೆಗೆ ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಈ ಎತ್ತರದ ನೆಲಕ್ಕೂ ಏರತೊಡಗಿದೆ. ರಾಜಕಾರಣದ ವೇದಿಕೆಯಲ್ಲಿ ಕಥೆ ಇಲ್ಲಿಗೆ ಮುಗಿಯುತ್ತದೆ: ನೀರು ಬಂತು, ಸೀಮೆ ಹಸಿರಾಯಿತು. ನೀರಿಗೆ ಸಲ್ಲಬೇಕಾದ ಹೊಗಳಿಕೆ ಸಲ್ಲಲಿ. ಆದರೆ ನೀರಿದ್ದೂ ದ್ರಾಕ್ಷಿ ಬರದ ತೋಟಗಳಿವೆ, ಅವುಗಳ ಸುದ್ದಿಯನ್ನು ಯಾರೂ ಎತ್ತುವುದಿಲ್ಲ.

ದ್ರಾಕ್ಷಿ ಕೈಯ ಬೆಳೆ. ವರ್ಷಕ್ಕೆ ಎರಡು ಸಲ ಕತ್ತರಿ ಆಡಬೇಕು. ಏಪ್ರಿಲ್ ಚಾಟ್ನಿಯಲ್ಲಿ ಬಳ್ಳಿಯನ್ನು ಗಿಡ್ಡಗೆ ಸವರಿ ಹೊಸ ಕಾಡಿ ಬರಿಸುತ್ತಾರೆ. ಆ ಕಾಡಿಯ ಯಾವ ಕಣ್ಣಿನೊಳಗೆ ಗೊಂಚಲು ಮೂಡಬೇಕೆಂಬುದು ಮುಂದಿನ ಎರಡು ತಿಂಗಳಲ್ಲಿ, ಬಿಸಿಲು, ಗೊಬ್ಬರ, ನೀರುಗಳ ಹದದಲ್ಲಿ, ಹೊರಗೆ ಏನೂ ಕಾಣಿಸದಂತೆ ತೀರ್ಮಾನವಾಗಿಬಿಡುತ್ತದೆ. ಅಕ್ಟೋಬರ್ ಚಾಟ್ನಿಗೆ ಬರುವವನು ಕಾಡಿ ಹಿಡಿದು ಕಣ್ಣೆಣಿಸುತ್ತಾನೆ. ಆರನೆಯ ಕಣ್ಣಿಗೆ ಕಡಿಯಬೇಕೋ ಎಂಟನೆಯದಕ್ಕೋ? ಹಣ್ಣಿನ ಕಣ್ಣು ಇರುವ ಜಾಗದಿಂದ ಕೆಳಗೆ ಕಡಿದರೆ ವರ್ಷದ ಬೆಳೆ ಸಾಲಿನ ನಡುವೆ ಕಸವಾಗಿ ಬಿದ್ದಿರುತ್ತದೆ, ಬಳ್ಳಿಯಲ್ಲಿ ಎಲೆ ಮಾತ್ರ ಉಳಿಯುತ್ತದೆ. ಪಳಗಿದ ಕೈಗೆ ಈ ಲೆಕ್ಕಕ್ಕೆ ಒಂದು ಉಸಿರಿನಷ್ಟು ಹೊತ್ತು ಸಾಕು. ಕಾಡಿಯ ದಪ್ಪ, ಗೆಣ್ಣಿನ ಅಂತರ, ತೊಗಟೆಯ ಬಣ್ಣ ನೋಡುತ್ತಲೇ ಕಟ್ ಎನ್ನುತ್ತದೆ ಕತ್ತರಿ, ಆಳು ಮುಂದಿನ ಕಾಡಿಗೆ ಹೋಗಿರುತ್ತಾನೆ.

ಇಂಥ ಕೈಗಳಿಗೆ ಎಕರೆ ಲೆಕ್ಕದ ಗುತ್ತಿಗೆ. ತಂಡ ಕಟ್ಟಿಕೊಂಡು ಊರಿಂದ ಊರಿಗೆ ಹೋಗುತ್ತಾರೆ. ತಂಡದಲ್ಲಿ ಒಬ್ಬ ಹಿರಿಯ, ನಾಲ್ಕಾರು ಮಂದಿ ಪಳಗಿದವರು, ಕೊನೆಗೆ ಒಬ್ಬಿಬ್ಬರು ಹೊಸ ಹುಡುಗರು. ಹೊಸಬನಿಗೆ ಮೊದಲು ಸಿಗುವುದು ಕಡಿದ ಕಾಡಿ ಆಯುವ ಕೆಲಸ, ಆಮೇಲೆ ಬದಿಯ ಸಾಲು, ತುಂಬ ತಡವಾಗಿ ಒಳ್ಳೆಯ ತೋಟದ ನಡುಸಾಲು. ಪಾಠವೆಂದು ಕರೆಯದ ಪಾಠಕ್ರಮ ಇದು, ನೋಡಿದರೆ ಅಚ್ಚುಕಟ್ಟಾಗಿಯೇ ಇದೆ.

ಬರೀ ಕಣ್ಣಂದಾಜಿಗೆ ಎಲ್ಲವನ್ನೂ ಬಿಟ್ಟಿದ್ದಾರೆಂದೂ ಅಲ್ಲ. ಚಾಟ್ನಿಗೆ ಮೊದಲು ಕಾಡಿಗಳನ್ನು ಪ್ರಯೋಗಾಲಯಕ್ಕೆ ಒಯ್ದು, ಕಣ್ಣು ಸೀಳಿ ಸೂಕ್ಷ್ಮದರ್ಶಕದ ಕೆಳಗೆ ಗೊಂಚಲಿನ ಮೊಳಕೆ ನೋಡಿಸುವ ರೂಢಿ ದ್ರಾಕ್ಷಿ ಸೀಮೆಗಳಲ್ಲಿ ಬೆಳೆದಿದೆ. ಎಲೆಯ ದೇಟು ಪರೀಕ್ಷಿಸಿ ಗೊಬ್ಬರ ತೀರ್ಮಾನಿಸುವುದೂ ಹಾಗೆಯೇ. ಬಳ್ಳಿಯ ಬುಡದಲ್ಲಿರುವುದು ಡಾಗ್‌ರಿಡ್ಜ್, ಅಮೆರಿಕದ ಟೆಕ್ಸಾಸಿನ ಮೂಲದ ಕಾಡುಬಳ್ಳಿ. ಬರ, ಉಪ್ಪುನೀರುಗಳನ್ನು ತಡೆಯುತ್ತದೆಂದು ಮಹಾರಾಷ್ಟ್ರ, ಕರ್ನಾಟಕಗಳ ತೋಟಗಳಿಗೆ ಹಬ್ಬಿತು. ಅದರ ಮೇಲೆ ಕಸಿ ಕಟ್ಟುವುದು ಥಾಮ್ಸನ್ ತಳಿ ಅಥವಾ ಅದರ ಪೀಳಿಗೆ. ಆ ಪೀಳಿಗೆಯ ಸೋನಾಕಾ ಸೊಲ್ಲಾಪುರ ಸೀಮೆಯ ನಾನ್ನಜದ್ದು, ತಾಸ್–ಎ–ಗಣೇಶ್ ತಾಸಗಾಂವ ಸೀಮೆಯದ್ದು. ಎರಡನ್ನೂ ಗುರುತಿಸಿದ್ದು ತಮ್ಮ ತೋಟದಲ್ಲಿ ಬೇರೆಯಾಗಿ ಕಂಡ ಬಳ್ಳಿಯನ್ನು ಗಮನಿಸಿದ ರೈತರು. ಆ ಗಮನಕ್ಕೆ ಬೆನ್ನಾಗಿ ಅಲ್ಲಿ ಬೆಳೆಗಾರರ ಬಲವಾದ ಸಂಘವಿತ್ತು. 1997ರಲ್ಲಿ ಪುಣೆಯ ಮಾಂಜರಿಯಲ್ಲಿ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರವೂ ಶುರುವಾಯಿತು. ರೈತನ ಕಣ್ಣು, ಸಂಘದ ಸಭೆ, ವಿಜ್ಞಾನಿಯ ಸೂಕ್ಷ್ಮದರ್ಶಕ ಮೂರೂ ಹತ್ತಿರ ಹತ್ತಿರ ಇದ್ದುದೇ ಗಡಿಯಾಚೆಯವರ ಬಲ. ಕನಮಡಿಗೆ ದಾಟಿ ಬಂದಿರುವುದು ಹೆಚ್ಚಾಗಿ ಕೈಗಳು. ಉಳಿದೆರಡು ಇನ್ನೂ ದೂರ.

ದೂರವಾದರೇನು, ಕೆಲಸ ನಡೆಯುತ್ತಿದೆಯಲ್ಲ ಎನ್ನಬಹುದು. ಅಕ್ಟೋಬರಿನಲ್ಲಿ ಚಾಟ್ನಿಯ ಬೆನ್ನಿಗೇ ಬರುವ ಪೇಸ್ಟಿನ ಕೆಲಸ ನೋಡಿದವರು ಹಾಗೆನ್ನಲಾರರು. ಕಣ್ಣುಗಳು ಒಟ್ಟಿಗೆ ಒಡೆಯಲೆಂದು ಹೈಡ್ರೋಜನ್ ಸಯನಮೈಡ್ ಹಚ್ಚುತ್ತಾರೆ. ಚರ್ಮಕ್ಕೆ ತಾಗಿದರೆ ಸುಡುತ್ತದೆ, ಕಣ್ಣಿಗೆ ಸಿಡಿದರೆ ಇನ್ನೂ ಕೆಟ್ಟದ್ದು. ಅದನ್ನು ಮುಟ್ಟಿದ ದಿನ ಸಂಜೆ ಹೆಂಡ ಕುಡಿದರೆ ಮುಖ ಕೆಂಪೇರಿ, ಎದೆ ಬಡಿದುಕೊಂಡು, ಉಸಿರು ಕಟ್ಟುವ ಸ್ಥಿತಿ ಬರಬಹುದು. ಡಬ್ಬಿಯ ಮೇಲೆ ಇದೆಲ್ಲ ಅಚ್ಚಾಗಿರುತ್ತದೆ, ಓದಲಾಗದಷ್ಟು ಸಣ್ಣ ಅಕ್ಷರದಲ್ಲಿ. ಒಣದ್ರಾಕ್ಷಿಯ ಬಣ್ಣ ಉಳಿಸಲು ಗಂಧಕದ ಹೊಗೆ ಕೊಡುವ ಕೋಣೆಯ ಬಾಗಿಲಲ್ಲಿ ನಿಲ್ಲುವವರದೂ ಇದೇ ಪಾಡು. ಕತ್ತರಿ ಹಿಡಿಯುವುದನ್ನು ಹಿರಿಯ ಹೇಳಿಕೊಡುತ್ತಾನೆ. ಕೈಗವಸು ಯಾಕೆ ಹಾಕಬೇಕೆಂಬುದು ಅವನಿಗೂ ಯಾರೂ ಹೇಳಿಕೊಟ್ಟಿರುವುದಿಲ್ಲ. ತರಬೇತಿ ಎಂದೊಡನೆ ನಮಗೆ ನೆನಪಾಗುವುದು ಪ್ರಮಾಣಪತ್ರ, ಫೋಟೋ, ಊಟದ ಪೊಟ್ಟಣ. ಇಲ್ಲಿ ಅದರ ಮೊದಲ ಅರ್ಥ ಚರ್ಮ ಮತ್ತು ಶ್ವಾಸಕೋಶ.

ಜರ್ಮನಿಯಲ್ಲಿ ದ್ರಾಕ್ಷಿ ಬೆಳೆಗಾರಿಕೆ ಮೂರು ವರ್ಷದ ಮಾನ್ಯತೆಯ ವೃತ್ತಿಶಿಕ್ಷಣ. ಕಲಿಯುವವನು ತೋಟದ ಮಾಲೀಕನೊಡನೆ ಕರಾರು ಮಾಡಿಕೊಂಡು ಸಂಬಳ ಪಡೆಯುತ್ತ ಕೆಲಸ ಮಾಡುತ್ತಾನೆ, ಜೊತೆಜೊತೆಗೆ ವೃತ್ತಿಶಾಲೆಗೂ ಹೋಗುತ್ತಾನೆ. ಆ ದೇಶದ ಕೈಗಾರಿಕೆಯ ಕೀಲು ಇಂಥ ಜೋಡಿ ಪಾಠದಲ್ಲಿದೆ ಎಂದು ಬಲ್ಲವರು ಹೇಳುತ್ತಾರೆ. ನಮ್ಮಲ್ಲೂ 1950ರಿಂದ ಕುಶಲಕರ್ಮಿ ತರಬೇತಿ ಯೋಜನೆ ಇದೆ, 1961ರ ಶಿಶಿಕ್ಷು ಕಾಯ್ದೆ ಇದೆ. ಐಟಿಐ ಎಂದರೆ ಹಳ್ಳಿಯ ಹುಡುಗನ ಕಣ್ಣ ಮುಂದೆ ಬರುವುದು ಫಿಟ್ಟರ್, ಎಲೆಕ್ಟ್ರಿಷಿಯನ್, ಆಮೇಲೆ ಪುಣೆಯದೋ ಬೆಂಗಳೂರಿನದೋ ಬಸ್ಸು. ತಪ್ಪೇನಿಲ್ಲ, ದೇಶಕ್ಕೆ ಫಿಟ್ಟರ್ ಬೇಕು. ಆದರೆ ಊರಿನ ದೊಡ್ಡ ಕಸುಬು ಊರಿನ ಶಿಕ್ಷಣದೊಳಗೆ ಹೆಸರಿಲ್ಲದೆ ಉಳಿಯುವುದು ವಿಚಿತ್ರ.

ಸಂಸ್ಥೆ ಕಟ್ಟುವುದು ಈ ಜಿಲ್ಲೆಗೆ ಗೊತ್ತಿಲ್ಲದ ವಿದ್ಯೆಯಾಗಿದ್ದರೆ ಸುಮ್ಮನಿರಬಹುದಿತ್ತು. ಕನಮಡಿಯಿಂದ ತಿಕೋಟಾ ಹಾಯ್ದು ವಿಜಯಪುರಕ್ಕೆ ಬಂದರೆ ಗೋಳಗುಮ್ಮಟ ದೂರದಿಂದಲೇ ಕಾಣುತ್ತದೆ. ಪ್ರವಾಸಿಗಳು ಅದನ್ನು ನೋಡಿ ಹೋಗುತ್ತಾರೆ. ನನಗೆ ಇಲ್ಲಿನ ಇನ್ನೊಂದು ಕಟ್ಟೋಣ ಹೆಚ್ಚು ಕುತೂಹಲದ್ದು, ಅದಕ್ಕೆ ಗುಮ್ಮಟವಿಲ್ಲ. 1904ರ ಸುಮಾರಿಗೆ ಧಾರವಾಡ ಮೂಲದ ಯುವ ವಕೀಲರೊಬ್ಬರು ಈ ಊರಿಗೆ ಬಂದು ನೆಲೆಸಿದರು, ಫಕೀರಪ್ಪ ಗುರುಬಸಪ್ಪ ಹಳಕಟ್ಟಿ. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ದೇಶದ ಮೊದಮೊದಲ ಸಹಕಾರ ಸಂಘಗಳಲ್ಲೊಂದನ್ನು ಕಟ್ಟಿದ್ದರು, ಉತ್ತರ ಕರ್ನಾಟಕದಲ್ಲಿ ಆ ಗಾಳಿ ಬೀಸುತ್ತಿತ್ತು. 1910ರಲ್ಲಿ ಹಳಕಟ್ಟಿಯವರು ಬಿಎಲ್‌ಡಿಇ ವಿದ್ಯಾಸಂಸ್ಥೆ ಕಟ್ಟಿದರು, 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕು, 1925ರಲ್ಲಿ ಹಿತಚಿಂತಕ ಮುದ್ರಣಾಲಯ, ಮರುವರ್ಷ ‘ಶಿವಾನುಭವ’ ಪತ್ರಿಕೆ.

ಊರೂರು ಅಲೆದು ವಚನಗಳ ತಾಳೆಗರಿ ಕೂಡಿಸಿ, ಸೋಸಿ ಅಚ್ಚು ಮಾಡಿದ್ದಕ್ಕೆ ಅವರನ್ನು ವಚನ ಪಿತಾಮಹ ಎನ್ನುತ್ತೇವೆ. ಸರಿಯೇ. ಆದರೆ ಬ್ಯಾಂಕಿನ ಲೆಕ್ಕಪುಸ್ತಕ, ಶಾಲೆಯ ಹಾಜರಿ, ಮುದ್ರಣದ ಮೊಳೆ ಮೂರನ್ನೂ ಒಬ್ಬರೇ ಬೇಕೆಂದು ಹುಡುಕಿಕೊಂಡದ್ದರ ಬಗ್ಗೆ ನಾವು ಕಡಿಮೆ ಮಾತಾಡುತ್ತೇವೆ. ಮುದ್ರಣಾಲಯಕ್ಕಾಗಿ ಇದ್ದ ಮನೆಯನ್ನೇ ಮಾರಿದವರು ಬ್ಯಾಂಕು ಕಟ್ಟಿ ಊರಿಗೆ ಹಣದ ಶಿಸ್ತು ಕಲಿಸಿದರು ಎಂಬುದರಲ್ಲಿ ಒಂದಿಷ್ಟು ತಮಾಷೆಯೂ ಇದೆ. ತಾವು ಕೈಯಲ್ಲಿ ಹಣ ಉಳಿಸಿಕೊಳ್ಳಲಿಲ್ಲ, ಉಳಿಸುವ ವ್ಯವಸ್ಥೆ ಮಾತ್ರ ಬಿಟ್ಟುಹೋದರು. 1964ರಲ್ಲಿ ತೀರಿಕೊಂಡರು. ಅಷ್ಟು ಹೊತ್ತಿಗೆ ಸಂಸ್ಥೆಗಳು ಅವರನ್ನು ಕಾಯದೆ ನಡೆಯುವುದನ್ನು ಕಲಿತಿದ್ದವು. ಬಂಥನಾಳದ ಸಂಗನಬಸವ ಶಿವಯೋಗಿಗಳು, ಮುಂದೆ ತಿಕೋಟಾ ಸೀಮೆಯವರೇ ಆದ ಬಿ.ಎಂ. ಪಾಟೀಲರು ವಿದ್ಯಾಸಂಸ್ಥೆಯ ಭಾರ ಹೊತ್ತರು. 1980ರಲ್ಲಿ ಎಂಜಿನಿಯರಿಂಗ್ ಕಾಲೇಜು, 1986ರಲ್ಲಿ ವೈದ್ಯಕೀಯ ಕಾಲೇಜು ಬಂದವು. ಕಟ್ಟಿದವನ ಭಾವಚಿತ್ರಕ್ಕೆ ಹಾರ ಹಾಕಿದ ಮರುದಿನವೂ ಕೌಂಟರ್ ತೆರೆಯುತ್ತದೆಯೇ ಎಂಬುದೇ ಸಂಸ್ಥೆಗಿರುವ ಪರೀಕ್ಷೆ. ಊರಿಗೊಂದರಂತೆ ಹುಟ್ಟಿ ಸತ್ತ ಸಂಘಗಳನ್ನು ಕಂಡವರಿಗೆ ಇದು ಸಣ್ಣ ಮಾತಲ್ಲ.

ವೃತ್ತಿ ಕಲಿಸುವ ಬಾಗಿಲುಗಳೂ ನಗರದ ಸುತ್ತ ಇವೆ. ಹಿಟ್ನಳ್ಳಿಯಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಕಾಲೇಜು, ಕೃಷಿ ವಿಜ್ಞಾನ ಕೇಂದ್ರ. ಧರ್ಮಸ್ಥಳದ ಟ್ರಸ್ಟು ಬ್ಯಾಂಕುಗಳೊಡನೆ ಸೇರಿ 1982ರಲ್ಲಿ ಉಜಿರೆಯಲ್ಲಿ ಶುರು ಮಾಡಿದ ರುಡ್‌ಸೆಟ್ ತರಬೇತಿ ಸಂಸ್ಥೆ ವಿಜಯಪುರಕ್ಕೂ ಬಂದಿದೆ. ಕೆಲವೇ ವಾರದ ತರಬೇತಿ, ಊಟ ವಸತಿ ಉಚಿತ, ಮುಗಿಸಿದ ಮೇಲೂ ಬೆನ್ನು ಬಿಡದ ವಿಚಾರಣೆ, ಬ್ಯಾಂಕ್ ಸಾಲಕ್ಕೆ ದಾರಿ. ಈ ಮಾದರಿ ಎಷ್ಟು ಗಟ್ಟಿಯಾಗಿತ್ತೆಂದರೆ ಕೇಂದ್ರ ಸರ್ಕಾರವೇ ಅದನ್ನು ನೋಡಿ ಜಿಲ್ಲೆಗೊಂದು ಸ್ವ ಉದ್ಯೋಗ ತರಬೇತಿ ಸಂಸ್ಥೆ ತೆರೆಯಲು ಹೊರಟಿತು. ಕರಾವಳಿಯ ಒಂದು ಊರಿನ ಪ್ರಯೋಗ ದೇಶದ ನೀತಿಯಾದದ್ದು ಹೀಗೆ.

ಆದರೂ ಕನಮಡಿಯ ಚಾಟ್ನಿ ತಂಡ ಈ ಬಾಗಿಲುಗಳ ಹತ್ತಿರ ಬಾರದು. ಹಂಗಾಮಿನಲ್ಲಿ ಒಂದು ದಿನ ಬಿಟ್ಟರೆ ಗುತ್ತಿಗೆ ಇನ್ನೊಬ್ಬರ ಪಾಲು. ಕಲಿತ ಕೈಗೆ ಪರೀಕ್ಷೆ ಮಾಡಿ ಮಾನ್ಯತೆ ಕೊಡುವ ಏರ್ಪಾಡನ್ನು 2015ರ ಕೌಶಲ ವಿಕಾಸ ಯೋಜನೆಯೊಳಗೇ ಇಟ್ಟಿದ್ದಾರೆ, ಕಾಗದದ ಮೇಲೆ ಅದು ಒಳ್ಳೆಯ ವಿಚಾರವೂ ಹೌದು. ಪರೀಕ್ಷಕ ತೋಟಕ್ಕೆ ಬರಬೇಕು. ಅದೂ ಅಕ್ಟೋಬರಿನಲ್ಲಿ, ಕಾಡಿ ಬಲಿತಾಗ. ಹಣಕಾಸು ವರ್ಷದ ಕೊನೆಯಲ್ಲಿ ಗುರಿ ಮುಟ್ಟಿಸಲು ಮಾರ್ಚಿನಲ್ಲಿ ಬಂದರೆ ಅವನಿಗೆ ನೋಡಲು ಸಿಗುವುದು ಒಣಗುತ್ತಿರುವ ಹಣ್ಣು.

ತಿಕೋಟಾದಲ್ಲಿ ಒಂದು ತರಗತಿ ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ಏಪ್ರಿಲ್ ಚಾಟ್ನಿಗೆ ಶುರು, ಶೆಡ್ ಖಾಲಿಯಾಗುವಾಗ ಮುಕ್ತಾಯ. ವಾರದಲ್ಲಿ ಐದು ದಿನ ತೋಟ, ಒಂದು ದಿನ ಸೂಕ್ಷ್ಮದರ್ಶಕ, ದ್ರಾವಣದ ಅಳತೆ, ಕೈಗವಸು, ಬೆಲೆಯ ಲೆಕ್ಕ. ಹೆಂಗಸರಿಗೂ ಕತ್ತರಿ. ಈಗ ಅವರ ಪಾಲಿಗೆ ಹರಡುವುದು, ಆಯುವುದು, ವಿಂಗಡಿಸುವುದು. ಹೆಚ್ಚು ಕೂಲಿಯ ಚಾಟ್ನಿ ಗಂಡಸರ ಕೈಯಲ್ಲಿದೆ, ಅದಕ್ಕೆ ರೂಢಿಯ ಹೊರತು ಬೇರೆ ಕಾರಣ ನನಗೆ ಕಂಡಿಲ್ಲ. ಜಾಗ ಸಿಕ್ಕೀತು, ಹಣವೂ ಸಿಕ್ಕೀತು. ತೊಡಕಿರುವುದು ಕಲಿಸುವವರಲ್ಲಿ. ಐಟಿಐಯ ಮಾದರಿಯಲ್ಲಿ ನಡೆಯುವ ತರಗತಿಗೆ ಬೋಧಕನಾಗಲು ಡಿಪ್ಲೊಮಾ ಅಥವಾ ವೃತ್ತಿ ಪ್ರಮಾಣಪತ್ರ ಬೇಕು, ಮೇಲೆ ಬೋಧಕರ ತರಬೇತಿಯೂ ಬೇಕು. ಕಾಡಿ ಮುಟ್ಟಿ ಕಣ್ಣಿನೊಳಗಿನ ಗೊಂಚಲು ಹೇಳಬಲ್ಲ ತಂಡದ ಹಿರಿಯ ಶಾಲೆ ಬಿಟ್ಟದ್ದು ಹುಡುಗನಿದ್ದಾಗ. ನಿಯಮದ ಪ್ರಕಾರ ಆ ಕೋಣೆಯಲ್ಲಿ ಅವನಿಗಿರುವ ಜಾಗ ವಿದ್ಯಾರ್ಥಿಗಳ ಬೆಂಚು.